ಪಿಸ್ತೂಲಿನ ತೋಟಾ, ಉದ್ದನೆಯ ನಳಿಗೆ

ಪಿಸ್ತೂಲಿಗೆಂದು ಮಾಡಿದ ತೋಟಾವನ್ನೇ ಹಾರಿಸುವ, ಆದರೆ ರೈಫಲ್ಲಿನಂತೆ ಭುಜಕ್ಕೆ ಆನಿಸಿ ಗುರಿ ಹಿಡಿಯುವ ಬಂದೂಕಿಗೆ ಪಿಸ್ತೂಲ್ ಕ್ಯಾಲಿಬರ್ ಕಾರ್ಬೈನ್ ಎಂದು ಹೆಸರು. ಅದು ಪಿಸ್ತೂಲಿಗಿಂತ ಉದ್ದ, ರೈಫಲ್ಲಿಗಿಂತ ಗಿಡ್ಡ. ಅಮೆರಿಕದಲ್ಲಿ ಇದನ್ನು ಮನೆಯ ರಕ್ಷಣೆಗೂ ಕ್ರೀಡೆಗೂ ಸಾಮಾನ್ಯ ನಾಗರಿಕರು ಕೊಳ್ಳುತ್ತಾರೆ. ಭಾರತದಲ್ಲಿ ಕಾರ್ಬೈನ್ ಎಂದರೆ ಪೊಲೀಸರ ಹೆಗಲಿನ 9 ಮಿ.ಮೀ. ಸ್ಟರ್ಲಿಂಗ್ ನೆನಪಾಗುತ್ತದೆಯೇ ಹೊರತು ಮನೆಯ ಕಪಾಟಿನ ಆಯುಧವಲ್ಲ. ಪುಣೆಯ ವಿಮಾನ ನಗರದಂಥ ಬಡಾವಣೆಯಲ್ಲಿ ಇಂಥ ಬಂದೂಕು ಇಟ್ಟುಕೊಳ್ಳುವುದರಿಂದ ಏನು ಲಾಭ, ಏನು ನಷ್ಟ ಎಂಬುದಕ್ಕೆ ಉತ್ತರ ಹೇಳಬೇಕಾದರೆ ಬಂದೂಕಿನ ಗುಣವನ್ನೂ ದೇಶದ ಕಾನೂನನ್ನೂ ಒಟ್ಟಿಗೇ ನೋಡಬೇಕು.

ಎರಡು ಆಯುಧಗಳಿಗೆ ಒಂದೇ ತೋಟಾ ಎಂಬುದು ಹಳೆಯ ಯೋಚನೆ. ಅಮೆರಿಕದ ವಿಂಚೆಸ್ಟರ್ ಕಂಪನಿ 1873ರಲ್ಲಿ ತಂದ ರೈಫಲ್ಲಿನ .44-40 ತೋಟಾಕ್ಕೆ ಹೊಂದುವ ರಿವಾಲ್ವರನ್ನು ಕೋಲ್ಟ್ ಕಂಪನಿ 1878ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಕುದುರೆಯ ಮೇಲೆ ದಿನಗಟ್ಟಲೆ ಸಾಗುವವರು ಸೊಂಟದ ಆಯುಧಕ್ಕೂ ಭುಜದ ಆಯುಧಕ್ಕೂ ಒಂದೇ ಬಗೆಯ ತೋಟಾ ಒಯ್ದರೆ ಸಾಕಾಯಿತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು 1941ರಿಂದ ತಯಾರಿಸಿದ ಸ್ಟೆನ್ ಗನ್ 9 ಮಿ.ಮೀ. ಪಿಸ್ತೂಲ್ ತೋಟಾವನ್ನು ಒಂದರ ಹಿಂದೊಂದು ಸುರಿಯಬಲ್ಲದಾಗಿತ್ತು. ಅದರ ಉತ್ತರಾಧಿಕಾರಿಯಾದ ಸ್ಟರ್ಲಿಂಗ್ ಭಾರತಕ್ಕೂ ಬಂತು. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿ 1963ರಿಂದ ಅದನ್ನು ಪರವಾನಗಿ ಪಡೆದು ‘ಕಾರ್ಬೈನ್ 1ಎ1’ ಎಂಬ ಹೆಸರಿನಲ್ಲಿ ತಯಾರಿಸಿತು. 34 ತೋಟಾಗಳ ಬಾಗಿದ ಮ್ಯಾಗಜಿನ್ ಇರುವ ಈ ಬಂದೂಕು ಸೈನ್ಯದಲ್ಲೂ ರಾಜ್ಯಗಳ ಪೊಲೀಸ್ ಪಡೆಗಳಲ್ಲೂ ದಶಕಗಳ ಕಾಲ ದುಡಿದಿದೆ. ಅದು ತಾನೇ ತಾನಾಗಿ ಗುಂಡಿನ ಸರಣಿ ಹಾರಿಸುವ ಆಯುಧ. ಅಮೆರಿಕದ ಅಂಗಡಿಗಳಲ್ಲಿ ನಾಗರಿಕರಿಗೆ ಸಿಗುವ ಕಾರ್ಬೈನ್ ಹಾಗಲ್ಲ, ಒಮ್ಮೆ ಟ್ರಿಗರ್ ಒತ್ತಿದರೆ ಒಂದೇ ಗುಂಡು ಹಾರುತ್ತದೆ. ಈ ವ್ಯತ್ಯಾಸವನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಕಾರ್ಬೈನ್‌ನ ಅನುಕೂಲಗಳಲ್ಲಿ ಮೊದಲನೆಯದು ಗುರಿ. ಪಿಸ್ತೂಲನ್ನು ಹಿಡಿದ ಎರಡು ಕೈಗಳು ಗಾಳಿಯಲ್ಲಿ ತೇಲುತ್ತಿರುತ್ತವೆ, ಉಸಿರಾಡಿದರೂ ನಳಿಗೆಯ ತುದಿ ಕದಲುತ್ತದೆ. ಕಾರ್ಬೈನ್ ಭುಜಕ್ಕೆ ಆನುತ್ತದೆ, ಕೆನ್ನೆ ಹಿಡಿಯ ಮೇಲೆ ಕೂರುತ್ತದೆ, ಎರಡೂ ಕೈಗಳು ಬೇರೆ ಬೇರೆ ಕಡೆ ಹಿಡಿದಿರುತ್ತವೆ. ಹಿಂದಿನ ಮತ್ತು ಮುಂದಿನ ಗುರಿಕಣ್ಣುಗಳ ನಡುವೆ ಅಂತರ ಹೆಚ್ಚಿರುವುದರಿಂದ ಸಣ್ಣ ತಪ್ಪೂ ಕಣ್ಣಿಗೆ ಬೀಳುತ್ತದೆ. ಚೆನ್ನಾಗಿ ಪಳಗಿದವರು ಪಿಸ್ತೂಲಿನಿಂದ 25 ಮೀಟರಿನಲ್ಲಿ ಸಾಧಿಸುವುದನ್ನು ಸಾಧಾರಣ ಅಭ್ಯಾಸಿಯೂ ಕಾರ್ಬೈನ್‌ನಿಂದ ಅದಕ್ಕಿಂತ ದೂರದಲ್ಲಿ ಸಾಧಿಸಬಲ್ಲ. ಎರಡೂವರೆಯಿಂದ ಮೂರೂವರೆ ಕೆ.ಜಿ. ತೂಕ ಇರುವುದರಿಂದ ಹಿಂದೊದೆತವೂ ಕಡಿಮೆ. ಹೊಸಬರು ಬೆದರದೆ ಕಲಿಯುತ್ತಾರೆ.

ಎರಡನೆಯದು ನಳಿಗೆಯ ಉದ್ದದಿಂದ ಬರುವ ವೇಗ. ಆಸ್ಟ್ರಿಯಾದ ಗೆಯೋರ್ಗ್ ಲೂಗರ್ 20ನೇ ಶತಮಾನದ ಮೊದಲ ವರ್ಷಗಳಲ್ಲಿ ರೂಪಿಸಿದ 9 ಮಿ.ಮೀ. ತೋಟಾದ ಗುಂಡು ಸುಮಾರು 8 ಗ್ರಾಂ ತೂಗುತ್ತದೆ. ನಾಲ್ಕು ಇಂಚಿನ ಪಿಸ್ತೂಲ್ ನಳಿಗೆಯಿಂದ ಅದು ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಬಿದ್ದರೆ, 16 ಇಂಚಿನ ನಳಿಗೆಯಿಂದ ಸುಮಾರು 400 ಮೀಟರ್ ವೇಗ ಪಡೆಯುತ್ತದೆ. ಮದ್ದಿನ ಅನಿಲ ಗುಂಡನ್ನು ಹೆಚ್ಚು ಹೊತ್ತು ತಳ್ಳುವುದೇ ಕಾರಣ. ಶಕ್ತಿಯ ಲೆಕ್ಕದಲ್ಲಿ ಸುಮಾರು 500 ಜೂಲ್ ಇದ್ದದ್ದು 600 ದಾಟುತ್ತದೆ.

ಆದರೆ ಈ ಲಾಭಕ್ಕೆ ಮಿತಿ ಇದೆ, ಕಾರ್ಬೈನ್‌ನ ದೌರ್ಬಲ್ಯ ಶುರುವಾಗುವುದೂ ಇಲ್ಲಿಂದಲೇ. ಪಿಸ್ತೂಲ್ ತೋಟಾದೊಳಗಿನ ಚಿಟಿಕೆಯಷ್ಟು ಮದ್ದು ಗಿಡ್ಡ ನಳಿಗೆಯಲ್ಲಿ ಉರಿದು ಮುಗಿಯಲೆಂದೇ ಮಾಡಿದ್ದು. ನಳಿಗೆಯನ್ನು ಇನ್ನೂ ಉದ್ದ ಮಾಡಿದರೆ ಘರ್ಷಣೆಯೇ ಗೆಲ್ಲುತ್ತದೆ. ಸೈನ್ಯದ 5.56 × 45 ಮಿ.ಮೀ. ರೈಫಲ್ ತೋಟಾ 1,700 ಜೂಲ್ ಆಸುಪಾಸಿನ ಶಕ್ತಿ ಕೊಡುತ್ತದೆ. ಅದರ ಮುಂದೆ 9 ಮಿ.ಮೀ. ಕಾರ್ಬೈನ್ ಹೊರುವವನಿಗೆ ರೈಫಲ್ಲಿನ ಭಾರವೇ ಸಿಗುತ್ತದೆ, ರೈಫಲ್ಲಿನ ಬಲ ಸಿಗುವುದಿಲ್ಲ. ಮೊಂಡು ಮೂತಿಯ, ನಿಧಾನಗತಿಯ ಪಿಸ್ತೂಲ್ ಗುಂಡನ್ನು ಗುಂಡುನಿರೋಧಕ ಅಂಗಿ ತಡೆಯುತ್ತದೆ. ಇನ್ನೊಂದು ಕಡೆ, ಪಿಸ್ತೂಲಿನ ಹಾಗೆ ಕಾರ್ಬೈನನ್ನು ಸೊಂಟದಲ್ಲಿ ಇಟ್ಟುಕೊಂಡು ಓಡಾಡಲೂ ಆಗದು.

ಭಾರತದಲ್ಲಿ ಈ ದೌರ್ಬಲ್ಯಕ್ಕೆ ಉತ್ತರ ಹುಡುಕುವ ಕೆಲಸ ಬಹುಪಾಲು ನಡೆದದ್ದು ಪುಣೆಯಲ್ಲೇ. ಪಾಷಾಣದಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯವಾದ ಶಸ್ತ್ರಾಸ್ತ್ರ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಎಆರ್‌ಡಿಇ, 9 ಮಿ.ಮೀ. ಕಾರ್ಬೈನ್‌ನ ಜಾಗ ತುಂಬಲು 5.56 × 30 ಮಿ.ಮೀ. ಎಂಬ ಸಣ್ಣ ತೋಟಾಕ್ಕೆ ಹೊಂದುವ ‘ಜೆವಿಪಿಸಿ’ ಎಂಬ ಕಾರ್ಬೈನ್ ರೂಪಿಸಿತು. ಸುಮಾರು 3 ಕೆ.ಜಿ. ತೂಕದ, 100 ಮೀಟರಿಗೂ ಹೆಚ್ಚು ಪರಿಣಾಮಕಾರಿ ವ್ಯಾಪ್ತಿಯ ಈ ಆಯುಧ ಬಳಕೆದಾರರ ಪರೀಕ್ಷೆಗಳನ್ನು ಮುಗಿಸಿತೆಂದು 2020ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಬಂದೂಕು ತಯಾರಾಗುವುದು ಕಾನ್ಪುರದಲ್ಲಿ, ಅದರ ತೋಟಾ ಪುಣೆಯ ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ. 1869ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ ವಿಮಾನ ನಗರಕ್ಕೆ ಊರಿನೊಳಗಿನ ಪ್ರಯಾಣದಷ್ಟೇ ದೂರ.

ಹಾಗೆಂದು 9 ಮಿ.ಮೀ. ಕಾಲ ಮುಗಿದಿಲ್ಲ. ಇದೇ ಎಆರ್‌ಡಿಇ ಮತ್ತು ಮಹೂವಿನ ಇನ್‌ಫೆಂಟ್ರಿ ಸ್ಕೂಲ್ ಸೇರಿ ರೂಪಿಸಿದ ‘ಅಸ್ಮಿ’ ಮಷಿನ್ ಪಿಸ್ತೂಲನ್ನು 2021ರ ಜನವರಿಯಲ್ಲಿ ಪರಿಚಯಿಸಲಾಯಿತು. ಅದನ್ನು ಹೈದರಾಬಾದಿನ ಲೋಕೇಶ್ ಮಷಿನ್ಸ್ ತಯಾರಿಸುತ್ತದೆ. 2024ರಲ್ಲಿ ಸೈನ್ಯದ ಉತ್ತರ ಕಮಾಂಡ್ 550 ಅಸ್ಮಿಗಳನ್ನು ಪಡೆಯಿತು. ಕಿರಿದಾದ ಕೋಣೆ, ಓಣಿ, ವಾಹನದ ಒಳಗಿನಂಥ ಜಾಗಗಳಲ್ಲಿ ಪಿಸ್ತೂಲ್ ತೋಟಾಕ್ಕೆ ಇನ್ನೂ ಕೆಲಸವಿದೆ. ಆದರೆ ಸೈನ್ಯದ ದೊಡ್ಡ ಖರೀದಿ ಬೇರೆ ದಿಕ್ಕಿಗೆ ಹೋಗಿದೆ. 4.25 ಲಕ್ಷಕ್ಕೂ ಹೆಚ್ಚು ಹೊಸ ಕಾರ್ಬೈನ್‌ಗಳಿಗೆ ಅದು ಆರಿಸಿಕೊಂಡದ್ದು ರೈಫಲ್ಲಿನ 5.56 × 45 ತೋಟಾವನ್ನೇ. ಆ ಟೆಂಡರಿನಲ್ಲಿ 2025ರಲ್ಲಿ ಅತಿ ಕಡಿಮೆ ಬೆಲೆ ನಮೂದಿಸಿದ ಭಾರತ್ ಫೋರ್ಜ್ ಕಂಪನಿ ಇರುವುದು ವಿಮಾನ ನಗರದಿಂದ ಹೊಳೆ ದಾಟಿದರೆ ಸಿಗುವ ಮುಂಢ್ವದಲ್ಲಿ.

ನಾಗರಿಕರ ವಿಷಯಕ್ಕೆ ಬಂದರೆ, ಕಾನೂನೇ ಬಹುಮಟ್ಟಿಗೆ ತೀರ್ಮಾನ ಹೇಳಿಬಿಡುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಸ್ವಯಂಚಾಲಿತ ಬಂದೂಕುಗಳು ನಿಷೇಧಿತ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಪಿಸ್ತೂಲ್, ರಿವಾಲ್ವರುಗಳ ಪಕ್ಕದಲ್ಲೇ ಕಾರ್ಬೈನ್ ಕೂಡ ಹೆಸರಿನಿಂದಲೇ ಬರುತ್ತದೆ. ಸೇವಾ 9 ಮಿ.ಮೀ. ತೋಟಾ ಅಥವಾ .380, .455 ತೋಟಾಗಳನ್ನು ತುಂಬಿ ಹಾರಿಸಬಲ್ಲ ಯಾವುದೇ ಬೋರಿನ ಕಾರ್ಬೈನ್ ನಿರ್ಬಂಧಿತ ವರ್ಗಕ್ಕೆ ಸೇರುತ್ತದೆ. ಪೊಲೀಸರ ಮತ್ತು ಸೈನ್ಯದ ತೋಟಾ ನಾಗರಿಕರ ಬಂದೂಕಿಗೆ ಹೊಂದಬಾರದು ಎಂಬುದೇ ಇದರ ಉದ್ದೇಶ. ಕದ್ದ ಸರ್ಕಾರಿ ತೋಟಾಕ್ಕೆ ಊರಲ್ಲಿ ಬಂದೂಕೇ ಸಿಗದಿದ್ದರೆ ಕಳ್ಳತನಕ್ಕೂ ಬೆಲೆ ಇರುವುದಿಲ್ಲ. ಪಿಸ್ತೂಲಲ್ಲದ ಅರೆಸ್ವಯಂಚಾಲಿತ ಬಂದೂಕುಗಳೂ ಇದೇ ಬಿಗಿ ವರ್ಗದಲ್ಲಿವೆ. ಹೀಗಾಗಿ ಅಮೆರಿಕದಲ್ಲಿ ಜನಪ್ರಿಯವಾದ ರೂಗರ್ ಅಥವಾ ಕೆಲ್‌ಟೆಕ್ ಕಾರ್ಬೈನ್‌ನಂಥದ್ದು ಎರಡು ಕಾರಣಗಳಿಂದ ಇಲ್ಲಿಯ ಸಾಮಾನ್ಯ ಅರ್ಜಿದಾರನ ಕೈಗೆ ಎಟುಕದು: ತೋಟಾದ ಬೋರು ಒಂದು, ಅದರ ಯಂತ್ರ ಇನ್ನೊಂದು.

2019ರ ತಿದ್ದುಪಡಿ ಶಿಕ್ಷೆಯನ್ನು ಇನ್ನಷ್ಟು ಕಠಿಣಗೊಳಿಸಿತು. ನಿಷೇಧಿತ ಶಸ್ತ್ರವನ್ನು ಅಕ್ರಮವಾಗಿ ಇಟ್ಟುಕೊಂಡರೆ ಈಗ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಸೆರೆ. ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರನ್ನು ಅಪಾಯಕ್ಕೆ ದೂಡುವುದಕ್ಕೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅನುಕೂಲವೆಂದರೆ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು.

‘ಮನೆಯವರ ರಕ್ಷಣೆಗೆ’ ಎಂಬ ಕಾರಣ ಈ ಕಾನೂನಿನ ಮುಂದೆ ಎಷ್ಟು ನಿಲ್ಲುತ್ತದೆ ಎಂಬುದಕ್ಕೆ ವಿಮಾನ ನಗರದ ನೆರೆಯ ಯರವಡಾ ಜೈಲೇ ಸಾಕ್ಷಿ. 1993ರ ಮುಂಬಯಿ ಸ್ಫೋಟಗಳ ತನಿಖೆಯಲ್ಲಿ ನಟ ಸಂಜಯ್ ದತ್ ಮೇಲೆ ಎಕೆ-56 ರೈಫಲ್ ಮತ್ತು 9 ಮಿ.ಮೀ. ಪಿಸ್ತೂಲ್ ಅಕ್ರಮವಾಗಿ ಹೊಂದಿದ್ದ ಆರೋಪ ಬಂತು. ಭಯೋತ್ಪಾದನೆಯ ಆರೋಪದಿಂದ ಅವರು ಮುಕ್ತರಾದರು, ಶಸ್ತ್ರಾಸ್ತ್ರ ಕಾಯ್ದೆಯಿಂದ ಆಗಲಿಲ್ಲ. 2013ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪನ್ನು ಎತ್ತಿಹಿಡಿದು ಶಿಕ್ಷೆಯನ್ನು ಐದು ವರ್ಷಕ್ಕೆ ಇಳಿಸಿತು. 2016ರ ಫೆಬ್ರುವರಿಯಲ್ಲಿ ಅವರು ಬಿಡುಗಡೆಯಾಗಿ ಹೊರಬಂದದ್ದು ಯರವಡಾದಿಂದಲೇ. ಕುಟುಂಬದ ಸುರಕ್ಷತೆಯ ವಾದ ಅವರ ಪರವಾಗಿಯೂ ಕೇಳಿಬಂದಿತ್ತು.

ಹಾಗಾದರೆ ಕಾನೂನಿನೊಳಗೆ ಉಳಿಯುವುದು ಏನು? ಪುಣೆ ನಗರ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ಅರ್ಜಿ ಹಾಕುವ 21 ವರ್ಷ ದಾಟಿದ ನಾಗರಿಕ, ಪೊಲೀಸ್ ಪರಿಶೀಲನೆಯಲ್ಲಿ ತೇರ್ಗಡೆಯಾಗಿ, ಬಂದೂಕಿನ ಅಗತ್ಯವನ್ನು ಮನವರಿಕೆ ಮಾಡಿಕೊಟ್ಟರೆ .32 ರಿವಾಲ್ವರ್ ಅಥವಾ ಪಿಸ್ತೂಲ್, 12 ಬೋರ್ ಕೋವಿ, .315 ರೈಫಲ್, .22 ರೈಫಲ್ ಮುಂತಾದವುಗಳತ್ತ ನೋಡಬಹುದು. .32 ರಿವಾಲ್ವರಿನ ಗುಂಡಿನ ಶಕ್ತಿ 200 ಜೂಲಿಗೂ ಕಡಿಮೆ. ಕಾರ್ಬೈನ್‌ನ ಮುಖ್ಯ ಆಕರ್ಷಣೆಯಾದ ‘ಒಂದೇ ತೋಟಾ, ಎರಡು ಆಯುಧ’ ಎಂಬುದು ಇಲ್ಲಿ ನಿಜವಾಗಿ ಉಳಿದಿರುವುದು .22 ರಲ್ಲಿ ಮಾತ್ರ. .22 ಲಾಂಗ್ ರೈಫಲ್ ಎಂಬ ಪುಟ್ಟ ತೋಟಾ ಪಿಸ್ತೂಲಿಗೂ ರೈಫಲ್ಲಿಗೂ ಹೊಂದುತ್ತದೆ, ಅಗ್ಗ, ಹಿಂದೊದೆತ ಇಲ್ಲವೆಂಬಷ್ಟು ಕಡಿಮೆ. ಅದು ಕ್ರೀಡೆಯ ತೋಟಾ, ರಕ್ಷಣೆಯದ್ದಲ್ಲ.

ಕರ್ನಾಟಕದಿಂದ ಪುಣೆಗೆ ಬಂದು ನೆಲೆಸಿದ ಕುಟುಂಬಗಳಿಗೆ, ಅದರಲ್ಲೂ ಕೊಡಗಿನವರಿಗೆ, ಕೋವಿ ಅಪರಿಚಿತವಲ್ಲ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಗೆ ಅಲ್ಲಿ ಮನೆತನದ ಗೌರವವಿದೆ. ಆದರೆ ಆ ವಿನಾಯಿತಿ ಭುಜಕ್ಕೆ ಆನಿಸುವ ಕೋವಿ ಮತ್ತು ರೈಫಲ್ಲಿನದು, ಪಿಸ್ತೂಲ್ ರಿವಾಲ್ವರುಗಳದ್ದಲ್ಲ. ನಿರ್ಬಂಧಿತ ಬೋರಿನ ಕಾರ್ಬೈನ್‌ಗೆ ಅದರಿಂದ ದಾರಿ ತೆರೆಯುವುದಿಲ್ಲ. ಕಾಫಿ ತೋಟದ ಮನೆಯ ಕೋವಿಗೂ ವಿಮಾನ ನಗರದ ಏಳನೇ ಮಹಡಿಗೂ ಸಂಬಂಧ ಕಲ್ಪಿಸುವುದು ಕಷ್ಟ. ತೋಟದಲ್ಲಿ ಕಾಡುಹಂದಿ ಬರುತ್ತದೆ, ಪಕ್ಕದ ಮನೆ ದೂರ ಇರುತ್ತದೆ, ಹಾರಿದ ಗುಂಡಿಗೆ ಮಣ್ಣಿನ ದಿಬ್ಬ ಸಿಗುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಕಾರ್ಬೈನ್‌ನ ಗುಣಗಳೇ ಅವಗುಣಗಳಾಗುತ್ತವೆ. ವೇಗ ಹೆಚ್ಚಿದ 9 ಮಿ.ಮೀ. ಗುಂಡು ಪ್ಲೈವುಡ್ ಬಾಗಿಲು, ಬಾಲ್ಕನಿಯ ಗಾಜು ದಾಟಿಹೋಗುತ್ತದೆ. ಕಾಂಕ್ರೀಟಿಗೆ ತಾಗಿದರೆ ಯಾವ ಕಡೆ ಚಿಮ್ಮುತ್ತದೆಂದು ಹೇಳಲಾಗದು. ಕಿಟಕಿಯಿಂದಾಚೆ ಹೋದ ಗುಂಡು ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಸಾಗಬಲ್ಲದು. ವಿಮಾನ ನಗರದ ಸುತ್ತ ಅಷ್ಟು ದೂರದೊಳಗೆ ಕಾಲೇಜು, ಮಾಲ್, ನಗರ್ ರೋಡಿನ ವಾಹನಗಳ ಸಾಲು, ಲೋಹಗಾಂವ್ ವಿಮಾನ ನಿಲ್ದಾಣ ಎಲ್ಲವೂ ಇವೆ. ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಒಪ್ಪುತ್ತವೆ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ನೆರೆಮನೆಯವರಿಗೆ ತಗುಲಿದ ಗುಂಡಿಗೂ ಹಾರಿಸಿದವನೇ ಉತ್ತರ ಹೇಳಬೇಕಾಗಬಹುದು.

ಲೈಸೆನ್ಸುದಾರರ ದಿನನಿತ್ಯದ ಜವಾಬ್ದಾರಿಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಬಂದೂಕನ್ನು ಗುಂಡು ತೆಗೆದು ಭದ್ರ ಪೆಟ್ಟಿಗೆಯಲ್ಲಿ ಬೀಗ ಹಾಕಿಡಬೇಕು. ಮನೆಯಲ್ಲಿ ಮಕ್ಕಳಿದ್ದರೆ, ಖಿನ್ನತೆಯಿಂದ ಬಳಲುವವರಿದ್ದರೆ, ಇದೊಂದೇ ಕಾರಣಕ್ಕೆ ಬಂದೂಕು ಬೇಡವೆನ್ನುವುದು ಸರಿಯಾದ ತೀರ್ಮಾನ. ಬೀಗದೊಳಗೆ ಸುರಕ್ಷಿತವಾಗಿರುವ ಬಂದೂಕು ಕಳ್ಳ ನುಗ್ಗಿದ ಕ್ಷಣಕ್ಕೆ ಕೈಗೆ ಸಿಗದು, ಕೈಗೆ ಸಿಗುವಂತಿಟ್ಟರೆ ಮನೆಯವರಿಗೇ ಅಪಾಯ. ಈ ಇಕ್ಕಟ್ಟಿಗೆ ಯಾವ ಬೋರಿನಲ್ಲೂ ಪರಿಹಾರವಿಲ್ಲ. ಚುನಾವಣೆ ಘೋಷಣೆಯಾದಾಗ ಪರಿಶೀಲನಾ ಸಮಿತಿ ಸೂಚಿಸಿದವರು ಬಂದೂಕನ್ನು ಒಪ್ಪಿಸಬೇಕು. ಬೇರೆ ರಾಜ್ಯದಿಂದ ವಾಸ ಬದಲಿಸಿದವರು ಲೈಸೆನ್ಸಿನ ವ್ಯಾಪ್ತಿ ಮಹಾರಾಷ್ಟ್ರಕ್ಕೂ ಇದೆಯೇ ಎಂದು ನೋಡಿಕೊಂಡು ಇಲ್ಲಿಯ ಅಧಿಕಾರಿಗಳಿಗೆ ತಿಳಿಸಬೇಕು.

ವಿಮಾನ ನಿಲ್ದಾಣದ ಪಕ್ಕ ಇರುವವರಿಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಹಳೆಯ ಚೀಲದ ಮೂಲೆಯಲ್ಲಿ ಉಳಿದ ಒಂದೇ ಒಂದು ಜೀವಂತ ತೋಟಾ ತಪಾಸಣೆಯ ಯಂತ್ರದಲ್ಲಿ ಕಂಡರೂ ಪ್ರಯಾಣ ಅಲ್ಲಿಗೇ ನಿಂತು ಪ್ರಕರಣ ಪೊಲೀಸ್ ಠಾಣೆಗೆ ಹೋಗುತ್ತದೆ. ಅರಿವಿದ್ದು ಇಟ್ಟುಕೊಂಡಿದ್ದರೆ ಮಾತ್ರ ಅದು ಸ್ವಾಧೀನ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1972ರಲ್ಲೇ ಗುನ್ವಂತಲಾಲ್ ಪ್ರಕರಣದಲ್ಲಿ ಹೇಳಿದೆ. ಆದರೂ ಅರಿವಿರಲಿಲ್ಲವೆಂದು ಸಾಬೀತುಪಡಿಸಲು ವಕೀಲರು ಬೇಕು, ಸಮಯ ಬೇಕು.

ಗುರಿಯ ಕಲೆಯೇ ಆಕರ್ಷಣೆಯಾಗಿದ್ದವರಿಗೆ ಪುಣೆಯಲ್ಲಿ ಒಳ್ಳೆಯ ದಾರಿಯೇ ಇದೆ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಬಾಲೆವಾಡಿಯ ಕ್ರೀಡಾ ಸಂಕೀರ್ಣದಲ್ಲಿ ಶೂಟಿಂಗ್ ರೇಂಜ್ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಶನ್ಸ್ ಕಂಚು ಗೆದ್ದ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಅಭ್ಯಾಸ ಮಾಡಿದ್ದು ಅಲ್ಲೇ, ಅದೇ .22 ತೋಟಾದಿಂದ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ 400ಕ್ಕೆ 400 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ್ದು ಅದಕ್ಕಿಂತಲೂ ಸೌಮ್ಯವಾದ ಏರ್ ರೈಫಲ್ಲಿನಲ್ಲಿ. ಪಿಸ್ತೂಲ್ ಕ್ಯಾಲಿಬರ್ ಕಾರ್ಬೈನ್‌ಗೆ ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಸ್ಪರ್ಧೆಗಳಲ್ಲಿ ಪ್ರತ್ಯೇಕ ವಿಭಾಗವಿದೆ, ಒಲಿಂಪಿಕ್ಸ್‌ನಲ್ಲಿಲ್ಲ. ಕಲಿಯಲು ಹೊರಟವರು ಮೊದಲು ರೇಂಜಿನ ಏರ್ ರೈಫಲ್ ಹಿಡಿದು, ಆಸಕ್ತಿ ಗಟ್ಟಿಯಾದ ಮೇಲೆ .22 ಕಡೆಗೆ ಹೋಗುತ್ತಾರೆ. ಸ್ವಂತ ಬಂದೂಕು ಕೊಳ್ಳುವ ಪ್ರಶ್ನೆ ಏಳುವುದು ಆಮೇಲೆ, ಆಗಲೂ ಆರಂಭವಾಗುವುದು ರೈಫಲ್ ಕ್ಲಬ್ಬಿನ ಸದಸ್ಯತ್ವದಿಂದ.