ಪಾಠಪರಿಷ್ಕರಣದಲ್ಲಿ ಮುಕ್ತ ತಂತ್ರಾಂಶಗಳ ಉಪಯೋಗ

ಹಸ್ತಪ್ರತಿಗಳನ್ನು ಆಧರಿಸಿ ಗ್ರಂಥವೊಂದರ ಶುದ್ಧಪಾಠವನ್ನು ಸಿದ್ಧಪಡಿಸುವ ಸಂಪಾದಕನ ಮುಂದೆ ಮುಖ್ಯವಾಗಿ ಮೂರು ಕಾರ್ಯಗಳಿರುತ್ತವೆ: ದೊರೆತ ಪ್ರತಿಗಳನ್ನು ಪರಸ್ಪರ ಹೋಲಿಸುವುದು, ಪಾಠಾಂತರಗಳನ್ನು ತೂಗಿ ನಿರ್ಣಯಿಸುವುದು, ನಿರ್ಣೀತವಾದ ಪಾಠವನ್ನು ಅಡಿಟಿಪ್ಪಣಿಗಳೊಡನೆ ಮುದ್ರಣಕ್ಕೆ ಅಣಿಗೊಳಿಸುವುದು. ಇವುಗಳಲ್ಲಿ ಎರಡನೆಯದು ವಿದ್ವತ್ತಿನಿಂದ ಮಾತ್ರ ಸಾಧ್ಯ. ಮೊದಲನೆಯದೂ ಮೂರನೆಯದೂ ಬಹುಮಟ್ಟಿಗೆ ಶ್ರಮಸಾಧ್ಯವಾದವು. ಅಲ್ಲಿ ಗಣಕಯಂತ್ರವು ನೆರವಾಗಬಲ್ಲದು. ಇದಕ್ಕೆ ಬೇಕಾದ ತಂತ್ರಾಂಶಗಳು ಯುನಿಕ್ಸ್ ಮತ್ತು ತತ್ಸದೃಶ ವ್ಯವಸ್ಥೆಗಳಲ್ಲಿ ಮುಕ್ತವಾಗಿ ದೊರೆಯುತ್ತವೆ. ಅವುಗಳ ಸ್ವರೂಪವನ್ನೂ ಮಿತಿಯನ್ನೂ ಇಲ್ಲಿ ವಿವರಿಸಲಾಗಿದೆ.

ಯುನಿಕ್ಸ್ ವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರಿಂದ ರೂಪುಗೊಳ್ಳತೊಡಗಿತು. ಅದನ್ನು ಹೋಲುವ, ಆದರೆ ಎಲ್ಲರೂ ಸ್ವತಂತ್ರವಾಗಿ ಬಳಸಬಹುದಾದ ವ್ಯವಸ್ಥೆಯನ್ನು ನಿರ್ಮಿಸುವ ಗ್ನೂ ಯೋಜನೆಯನ್ನು 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಘೋಷಿಸಿದರು. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಅವರ ಲಿನಕ್ಸ್ ಇದಕ್ಕೆ ಕೂಡಿಕೊಂಡಿತು. ಈ ಪರಂಪರೆಯಲ್ಲಿ ತಂತ್ರಾಂಶವನ್ನು ಪಡೆದವನಿಗೆ ನಾಲ್ಕು ಸ್ವಾತಂತ್ರ್ಯಗಳುಂಟು: ಅದನ್ನು ಯಾವ ಉದ್ದೇಶಕ್ಕಾದರೂ ಬಳಸಬಹುದು, ಅದರ ಮೂಲವನ್ನು ಪರೀಕ್ಷಿಸಿ ತಿದ್ದಬಹುದು, ಪ್ರತಿಮಾಡಿ ಇತರರಿಗೆ ಕೊಡಬಹುದು, ತಿದ್ದಿದ ರೂಪವನ್ನೂ ಹಂಚಬಹುದು. ಮುಕ್ತ ಎಂಬ ವಿಶೇಷಣಕ್ಕೆ ಇದೇ ಅರ್ಥವೇ ಹೊರತು, ಬೆಲೆಯಿಲ್ಲದ್ದು ಎಂಬುದಷ್ಟೇ ಅಲ್ಲ.

ಇಂಥ ತಂತ್ರಾಂಶಗಳನ್ನು ಕಟ್ಟುಕಟ್ಟಾಗಿ ಜೋಡಿಸಿದ ಘಟಕಗಳಿಗೆ ಪ್ಯಾಕೇಜ್ ಎಂದು ಹೆಸರು. ಅನೇಕ ತಂತ್ರಾಂಶಗಳಿಗೆ ಸಮಾನವಾಗಿ ಬೇಕಾಗುವ ವಿಧಿಗಳನ್ನು ಒಂದೆಡೆ ಸಂಗ್ರಹಿಸಿದ್ದನ್ನು ಲೈಬ್ರರಿ ಎನ್ನುತ್ತಾರೆ. ವ್ಯಾಕರಣದಲ್ಲಿ ಒಂದೆಡೆ ಹೇಳಿದ ಪರಿಭಾಷಾಸೂತ್ರವು ಬೇರೆ ಬೇರೆ ಪ್ರಕರಣಗಳಲ್ಲಿ ಅನ್ವಯಿಸುವಂತೆ, ಒಂದು ಲೈಬ್ರರಿಯ ವಿಧಿಯು ಹಲವು ತಂತ್ರಾಂಶಗಳಲ್ಲಿ ಕೆಲಸಮಾಡುತ್ತದೆ. ಯಾವ ಪ್ಯಾಕೇಜಿಗೆ ಯಾವ ಲೈಬ್ರರಿಯ ಅಪೇಕ್ಷೆಯಿದೆ ಎಂಬುದನ್ನು ಆಯಾ ಪ್ಯಾಕೇಜಿನಲ್ಲಿಯೇ ನಮೂದಿಸಿರುತ್ತಾರೆ. ಒಂದನ್ನು ಬೇಡಿದರೆ ಅದರ ಆಧಾರಗಳೂ ಜೊತೆಯಲ್ಲಿ ಬರುತ್ತವೆ. 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಸಂಗ್ರಹದ 12ನೆಯ ಆವೃತ್ತಿಯು 2023ರಲ್ಲಿ ಹೊರಬಂದಾಗ ಅದರಲ್ಲಿ 64,000ಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಗ್ರಂಥಸಂಪಾದಕನಿಗೆ ಬೇಕಾದವು ಇವುಗಳಲ್ಲಿ ಕೆಲವೇ.

ಪ್ರತಿಗಳ ಹೋಲಿಕೆ

ಡಿಫ್ ಎಂಬ ತಂತ್ರಾಂಶವು 1974ರ ಸುಮಾರಿಗೆ ಯುನಿಕ್ಸ್‌ನಲ್ಲಿ ಸೇರಿತು. ಅದರ ಕ್ರಮವನ್ನು ಡಗ್ಲಸ್ ಮೆಕಿಲ್ರಾಯ್ ಮತ್ತು ಜೇಮ್ಸ್ ಹಂಟ್ 1976ರ ವರದಿಯಲ್ಲಿ ವಿವರಿಸಿದ್ದಾರೆ. ಎರಡು ಪಾಠಗಳನ್ನು ಕೊಟ್ಟರೆ, ಎರಡರಲ್ಲಿಯೂ ಅದೇ ಅನುಕ್ರಮದಲ್ಲಿ ಬರುವ ಸಾಲುಗಳ ಅತಿದೀರ್ಘ ಸರಣಿಯನ್ನು ಅದು ಗುರುತಿಸಿ, ಉಳಿದವನ್ನು ಲೋಪ ಅಥವಾ ಅಧಿಕವೆಂದು ತೋರಿಸುತ್ತದೆ. ಪದ್ಯದ ಒಂದೊಂದು ಪಾದವನ್ನೂ ಪ್ರತ್ಯೇಕ ಸಾಲಿನಲ್ಲಿ ಬರೆದಿಟ್ಟರೆ ಎರಡು ಓಲೆಪ್ರತಿಗಳ ಭೇದವು ಪಾದಶಃ ದೊರೆಯುತ್ತದೆ. ವ್‌ಡಿಫ್ ಎಂಬ ಇನ್ನೊಂದು ಪ್ಯಾಕೇಜು ಇದನ್ನೇ ಪದಶಃ ಮಾಡುತ್ತದೆ.

ಆದರೆ ಇಲ್ಲಿ ಎಚ್ಚರ ಅಗತ್ಯ. ಒಬ್ಬ ಲಿಪಿಕಾರನು ಧರ್ಮ ಎಂದು, ಮತ್ತೊಬ್ಬನು ಧರ್ಮ್ಮ ಎಂದು ಬರೆದಿದ್ದರೆ ಡಿಫ್ ಅದನ್ನು ಭೇದವೆಂದೇ ಹೇಳುತ್ತದೆ. ರೇಫದ ಮುಂದಣ ವ್ಯಂಜನದ ದ್ವಿತ್ವವು ಕೇವಲ ಲೇಖನಪದ್ಧತಿಯೆಂಬುದು ಅದಕ್ಕೆ ತಿಳಿಯದು. ಅದೇ ರೀತಿ ಬಾೞ್ ಎಂದಿರಬೇಕಾದಲ್ಲಿ ಬಾಳ್ ಎಂದಿದ್ದರೆ, ಅದು ರೞಕಾರದ ಅರಿವು ಮಾಸಿದ ಕಾಲದ ಲಿಪಿಕಾರನ ರೂಢಿಯೋ, ಅಥವಾ ಕವಿಯು ಖಡ್ಗವೆಂಬ ಅರ್ಥದಲ್ಲಿಯೇ ಪ್ರಯೋಗಿಸಿದನೋ ಎಂಬುದನ್ನು ಸಂದರ್ಭದಿಂದ ನಿಶ್ಚಯಿಸಬೇಕಾದವನು ಸಂಪಾದಕನೇ. ದ್ವಿತ್ವದಂಥ ರೂಢಿಗಳನ್ನು ಹೋಲಿಕೆಗೆ ಮುನ್ನ ಸೆಡ್ ಎಂಬ ತಂತ್ರಾಂಶದಿಂದ ಏಕರೂಪಗೊಳಿಸಿ ಕೃತಕ ಭೇದಗಳನ್ನು ಕಡಿಮೆಮಾಡಬಹುದು. ಹಾಗೆ ಮಾಡುವಾಗ ಓಲೆಯಲ್ಲಿದ್ದಂತೆಯೇ ಬರೆದುಕೊಂಡ ಪ್ರತಿಲಿಪಿಯನ್ನು ಮುಟ್ಟದೆ ಪ್ರತ್ಯೇಕವಾಗಿ ಕಾಯ್ದಿಡತಕ್ಕದ್ದು.

ಅಕ್ಷರದ ಸಮಸ್ಯೆ

ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳಾಗಿ ಸಂಗ್ರಹಿಸುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದನ್ನು ಜಗತ್ತಿಗೆಲ್ಲ ಸಮಾನವಾಗಿ ನಿಗದಿಪಡಿಸಿರುವುದು ಯೂನಿಕೋಡ್. ಅದರ ಮೊದಲ ಆವೃತ್ತಿ 1991ರದು. ಹಳಗನ್ನಡದ ಱ ಮತ್ತು ೞ ಎರಡಕ್ಕೂ ಅದರಲ್ಲಿ ಸ್ಥಾನವಿದೆ. ಕುತೂಹಲದ ಸಂಗತಿಯೆಂದರೆ, ೞ ಅಕ್ಷರವು ತಪ್ಪಾಗಿ ಫಕಾರವೆಂಬ ಹೆಸರಿನಿಂದ ಅಲ್ಲಿ ಸೇರಿಬಿಟ್ಟಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಹೆಸರು ಹಾಗೆಯೇ ಉಳಿದು, ಅದು ತಪ್ಪೆಂಬ ಸೂಚನೆಯನ್ನು ಮಾತ್ರ ಜೊತೆಗಿಟ್ಟಿದ್ದಾರೆ. ಅಕ್ಷರದ ಬಳಕೆಗೆ ಇದರಿಂದ ಬಾಧೆಯಿಲ್ಲ.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಕೋ ಎಂಬಲ್ಲಿಯ ಓಕಾರದ ಚಿಹ್ನೆಯನ್ನು ಒಂದೇ ಸಂಖ್ಯೆಯಾಗಿಯೂ ಸಂಗ್ರಹಿಸಬಹುದು. ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂಬ ಮೂರು ಸಂಖ್ಯೆಗಳಾಗಿಯೂ ಸಂಗ್ರಹಿಸಬಹುದು. ತೆರೆಯ ಮೇಲೆ ಎರಡೂ ಒಂದೇ ರೂಪ. ಡಿಫ್‌ಗೆ ಮಾತ್ರ ಬೇರೆ ಬೇರೆ. ಹೀಗೆ ಯಾವ ಪ್ರತಿಯಲ್ಲಿಯೂ ಇಲ್ಲದ ಪಾಠಾಂತರವೊಂದು ಹುಟ್ಟಿಬಿಡುತ್ತದೆ. ಇವುಗಳನ್ನು ಸಮೀಕರಿಸುವ ವಿಧಿಯು ಐಸಿಯು ಎಂಬ ಲೈಬ್ರರಿಯಲ್ಲಿದೆ. ಪದಸೂಚಿಯನ್ನು ಕನ್ನಡ ವರ್ಣಮಾಲೆಯ ಅನುಕ್ರಮದಲ್ಲಿ ಜೋಡಿಸುವ ವಿಧಿಯೂ ಅದರಲ್ಲಿಯೇ ದೊರೆಯುತ್ತದೆ. ಕೇವಲ ಸಂಖ್ಯಾಕ್ರಮದಲ್ಲಿ ಜೋಡಿಸಿದರೆ ೞ ಅಕ್ಷರವು ಉಳಿದೆಲ್ಲ ವ್ಯಂಜನಗಳನ್ನೂ ಗುಣಿತಚಿಹ್ನೆಗಳನ್ನೂ ದಾಟಿ ಕೊನೆಗೆ ಹೋಗುತ್ತದೆ.

ಸಂಖ್ಯೆಗಳನ್ನು ಮತ್ತೆ ಲಿಪಿರೂಪಕ್ಕೆ ತರುವುದು ಹಾರ್ಫ್‌ಬಜ್ ಎಂಬ ಲೈಬ್ರರಿಯ ಕಾರ್ಯ. ಧರ್ಮ ಎಂಬಲ್ಲಿ ರೇಫವು ಉಚ್ಚಾರಣೆಯಂತೆ ಮಕಾರಕ್ಕೆ ಮುಂಚೆ ಸಂಗ್ರಹವಾಗಿರುತ್ತದೆ. ಅದನ್ನು ಅರ್ಕಾವೊತ್ತಾಗಿ ಮಕಾರದ ಬಲಕ್ಕೆ ಇರಿಸುವುದು, ಒತ್ತಕ್ಷರಗಳನ್ನು ಕೆಳಗೆ ಜೋಡಿಸುವುದು ಇದರ ಹೊಣೆ.

ಮುದ್ರಣ

ಗಣಿತಗ್ರಂಥಗಳ ಅಚ್ಚಿನ ಅಂದಗೇಡಿನಿಂದ ಬೇಸತ್ತ ಡೊನಾಲ್ಡ್ ಕ್ನೂತ್ 1977ರಲ್ಲಿ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನು ರಚಿಸತೊಡಗಿದರು. ಅದನ್ನು ಆಧರಿಸಿ 1990ರ ಸುಮಾರಿಗೆ ಜಾನ್ ಲವಾನ್ಯಿನೋ ಮತ್ತು ಸಂಸ್ಕೃತ ವಿದ್ವಾಂಸರಾದ ಡೊಮಿನಿಕ್ ವುಯಾಸ್ಟಿಕ್ ಅವರು ಸಂಶೋಧಿತ ಆವೃತ್ತಿಗಳಿಗೆಂದೇ ಎಡ್‌ಮ್ಯಾಕ್ ಎಂಬ ಪ್ಯಾಕೇಜನ್ನು ಸಿದ್ಧಗೊಳಿಸಿದರು. ಸಾಲುಗಳಿಗೆ ಸಂಖ್ಯೆಯನ್ನು ತಾನೇ ಕೊಡುವುದು, ಪಾಠಾಂತರ, ಆಕರ, ವ್ಯಾಖ್ಯಾನ ಮೊದಲಾದ ಐದು ಬಗೆಯ ಅಡಿಟಿಪ್ಪಣಿಗಳನ್ನು ಒಂದೇ ಪುಟದಲ್ಲಿ ಬೇರೆ ಬೇರೆ ಸ್ತರಗಳಾಗಿ ಇರಿಸುವುದು ಇದರ ವೈಶಿಷ್ಟ್ಯ. ಪಾಠದಲ್ಲಿ ಒಂದು ಸಾಲು ಕೂಡಿದರೆ ಟಿಪ್ಪಣಿಗಳ ಸಾಲುಸಂಖ್ಯೆಗಳೆಲ್ಲ ತಾವಾಗಿ ಬದಲಾಗುತ್ತವೆ. ಕರಡು ತಿದ್ದುವಾಗ ಇವನ್ನೆಲ್ಲ ಕೈಯಿಂದ ಬದಲಿಸಿದವರಿಗೆ ಇದರ ಬೆಲೆ ತಿಳಿಯುತ್ತದೆ. ಇದರ ಮೂಲವು ಮುಕ್ತವಾಗಿದ್ದ ಕಾರಣ ಇತರರು ಅದನ್ನು ಲೆಡ್‌ಮ್ಯಾಕ್, ರೆಲೆಡ್‌ಮ್ಯಾಕ್ ಎಂಬ ರೂಪಗಳಲ್ಲಿ ಮುಂದುವರಿಸಿದ್ದಾರೆ. 2004ರಲ್ಲಿ ಜೊನಾಥನ್ ಕ್ಯೂ ಅವರ ಜೀಟೆಕ್ ಬಂದಮೇಲೆ ಯೂನಿಕೋಡ್ ಕನ್ನಡವನ್ನೂ ನೇರವಾಗಿ ಹೀಗೆ ಅಚ್ಚುಗೊಳಿಸಬಹುದಾಗಿದೆ.

ಮುಕ್ತತೆಯ ಅಗತ್ಯ

ಈ ಸೌಕರ್ಯಗಳು ಬೆಲೆತೆತ್ತು ಕೊಳ್ಳುವ ತಂತ್ರಾಂಶಗಳಲ್ಲಿಯೂ ದೊರೆಯಬಹುದಲ್ಲ ಎಂಬ ಪ್ರಶ್ನೆಗೆ ಕನ್ನಡ ಗ್ರಂಥಗಳ ಅನುಭವವೇ ಉತ್ತರ. ಯೂನಿಕೋಡ್ ರೂಢಿಗೆ ಬರುವ ಮುನ್ನ, ಕನ್ನಡ ಅಕ್ಷರಗಳ ತುಂಡುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿರಿಸಿ ಅಚ್ಚುಜೋಡಿಸುವ ಪದ್ಧತಿ ಇತ್ತು. ಅಂಥ ಕಡತವನ್ನು ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥಹೀನವಾದ ರೋಮನ್ ಅಕ್ಷರಗಳು ಮಾತ್ರ ಕಾಣುತ್ತವೆ. ಯಾವ ಚಿಹ್ನೆಗೆ ಯಾವ ಸ್ಥಾನವೆಂಬ ಕೋಷ್ಟಕ ದೊರೆತರೆ ಅದನ್ನು ಪರಿವರ್ತಿಸಬಹುದು. ಇಲ್ಲವಾದರೆ ಸಂಪಾದಕರ ವರ್ಷಗಳ ಪರಿಶ್ರಮವು ಅಚ್ಚಾದ ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ. ಓಲೆಯನ್ನು ಹುಳು ತಿನ್ನಲು ಶತಮಾನಗಳು ಬೇಕು. ಇಲ್ಲಿ ಕೆಲವೇ ವರ್ಷಗಳು ಸಾಕು. ಆದುದರಿಂದ ಪ್ರತಿಲಿಪಿಯನ್ನು ಯೂನಿಕೋಡಿನ ಸರಳ ಕಡತವಾಗಿ, ಯಾವ ತಂತ್ರಾಂಶದಿಂದಲಾದರೂ ಓದಬಹುದಾದ ರೂಪದಲ್ಲಿ ಇರಿಸುವುದು, ಹಲವೆಡೆ ಅದರ ಪ್ರತಿಗಳನ್ನು ಕಾಪಾಡುವುದು ಇಂದಿನ ಸಂಪಾದಕನ ಕರ್ತವ್ಯವಾಗಿದೆ.

ಜೈನ ಗ್ರಂಥಪರಂಪರೆಗೆ ಈ ವಿಚಾರ ಹೊಸದಲ್ಲ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸುವಿದಿತ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ದೀರ್ಘಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದ ಧವಲಾ ಟೀಕೆಯ ಓಲೆಗಳು ಪ್ರತಿಲಿಪಿಯಾಗಿ ಹೊರಬಂದ ಮೇಲೆಯೇ, 1939ರಿಂದ ಮೊದಲ್ಗೊಂಡು ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 16 ಸಂಪುಟಗಳಾಗಿ ವಿದ್ವಲ್ಲೋಕಕ್ಕೆ ದೊರೆತವು. ಪ್ರತಿಯಾದ ಗ್ರಂಥವು ಉಳಿಯುತ್ತದೆ, ಓದಲಾದ ಗ್ರಂಥವು ಬೆಳೆಯುತ್ತದೆ. ಪಾಠನಿರ್ಣಯದ ಭಾರವನ್ನು ಯಾವ ತಂತ್ರಾಂಶವೂ ಹೊರಲಾರದು. ಆದರೆ ನಿರ್ಣಯಿಸಿದ ಪಾಠವು ಮುಂದಿನವರ ಕೈಗೆ ಓದಬಲ್ಲ ರೂಪದಲ್ಲಿ ತಲುಪುವಂತೆ ಮಾಡಲು ಮುಕ್ತವಾದ ಸಾಧನವೇ ಯೋಗ್ಯವಾದುದು.