ಕಾಣದ ಅಗುಳಿ
ಯಾದಗಿರಿಯ ಬೆಟ್ಟದ ಕೋಟೆಗೂ ಸುರಪುರದ ನಾಯಕರ ಅರಮನೆಗೂ ಕಾವಲಿನವರೇ ಬೀಗ; ಅಗುಳಿ ಅವರ ಕೈಯಲ್ಲಿತ್ತು. ಜಿಲ್ಲಾ ಕೇಂದ್ರವಾದ ಯಾದಗಿರಿಯಲ್ಲಾಗಲಿ, ಶಹಾಪುರದಲ್ಲಾಗಲಿ ಇಂದು ವಿದ್ಯುತ್ ಬೀಗ ಕೂಡಿಸುವವನು ಆ ಕಾವಲನ್ನು ತಂತಿಗೆ ಒಪ್ಪಿಸುತ್ತಾನೆ.

ಚೌಕಟ್ಟಿಗೆ ವಿದ್ಯುತ್ಕಾಂತ, ಕದಕ್ಕೆ ಉಕ್ಕಿನ ಪಟ್ಟಿ; ಸಾಮಾನ್ಯವಾಗಿ 12 ವೋಲ್ಟಿನ ವಿದ್ಯುತ್ತು ಹರಿಯುವವರೆಗೆ ಎರಡೂ ಬಿಗಿದಪ್ಪಿರುತ್ತವೆ. ಕಾರ್ಡಿನ ಗುರುತು ಹತ್ತಿದೊಡನೆ ರಿಲೇ ವಿದ್ಯುತ್ತನ್ನು ಕಡಿಯುತ್ತದೆ, ಕದ ಸಡಿಲುತ್ತದೆ. ಕಾರ್ಡನ್ನು ಓದುವ ಯಂತ್ರ ಹೊರಗಿದ್ದರೂ ರಿಲೇ ಒಳಗೇ ಇರಬೇಕು. ಇಲ್ಲವಾದರೆ ಕಳ್ಳನು ಡಬ್ಬಿ ಬಿಚ್ಚಿ ತಂತಿ ಕತ್ತರಿಸಿಯಾನು.

ಕರೆಂಟು ಹೋದರೆ ಬ್ಯಾಟರಿ ಕಾಯುತ್ತದೆ. ಬೆಂಕಿ ಬಿದ್ದರೆ? ಒಳಗಿನ ಗುಂಡಿ ರಿಲೇಯನ್ನು ನಂಬದೆ ಬೀಗದ ವಿದ್ಯುತ್ತನ್ನು ನೇರವಾಗಿ ಕಡಿಯಬೇಕು. ಹೊರಗಿನವನನ್ನು ತಡೆಯದ ಬಾಗಿಲಿನಿಂದ ಸೊತ್ತು ಹೋದೀತು. ಒಳಗಿನವನನ್ನು ಬಿಡದ ಬಾಗಿಲಿನಿಂದ ಪ್ರಾಣವೇ ಹೋದೀತು.