ಬಾದಾಮಿಯ ಶಾಸನದಲ್ಲೊಂದು ಕ್ರಿಯಾಪದ

ಬಾದಾಮಿಯ ಮೂರನೆಯ ಗುಹೆ ಕ್ರಿ. ಶ. 578ರದು. ಅದನ್ನು ಮಾಡಿಸಿದ ಚಾಲುಕ್ಯ ಮಂಗಲೇಶನ ಕಿರಿದಾದ ಕನ್ನಡ ಶಾಸನವೊಂದು ಅಲ್ಲಿಯೇ ಬಳಿಯಲ್ಲಿದೆ. ಲಂಜಿಗೇಸರವೆಂಬ ಊರನ್ನು ಆ ಕಲ್ಮನೆಗೆ ‘ಇತ್ತೊದು’ ಎಂದು ಅದರ ಒಕ್ಕಣೆ. ಇಂದು ‘ಇತ್ತು’ ಎಂದೊಡನೆ ನಾವು ‘ಇದ್ದಿತು’ ಎಂದು ಗ್ರಹಿಸುವೆವು. ಇಲ್ಲಿ ಹಾಗೆ ಗ್ರಹಿಸಿದರೆ ಅರಸನ ದಾನವೇ ಅಳಿದುಹೋಗುತ್ತದೆ. ‘ಇದ್ದಿತು’ ಎಂಬುದು ‘ಇರ್’ ಧಾತುವಿನ ರೂಪ. ಶಾಸನದ ಮಾತಾದರೋ ಕೊಡು ಎಂಬರ್ಥದ ‘ಈ’ ಧಾತುವಿನಿಂದ ಬಂದುದು.

ಈ ಏಕಾಕ್ಷರ ಧಾತು ತಮಿಳಿನಲ್ಲಿಯೂ ‘ಈ’ ಎಂದೇ ಇದೆ. ತೆಲುಗಿನ ‘ಇಚ್ಚು’ ಇದರ ಬಂಧು. ಹಳಗನ್ನಡದಲ್ಲಿ ಇದು ಭೂತಕಾಲದಲ್ಲಿ ಇತ್ತೆಂ, ಇತ್ತಂ, ಇತ್ತಳ್, ಇತ್ತರ್ ಎಂದೂ, ಭವಿಷ್ಯದಲ್ಲಿ ಈವೆಂ, ಈವಂ ಎಂದೂ ನಡೆಯುತ್ತದೆ. ನಿಷೇಧದಲ್ಲಿ ಕಾಲಪ್ರತ್ಯಯದ ಸುಳಿವಿಲ್ಲದೆ ಈಯೆಂ, ಈಯಂ ಎಂದಾಗುವುದು. ಭೂತಕಾಲದಲ್ಲಿ ಮಾತ್ರವೇ ಸ್ವರವು ಹ್ರಸ್ವವಾಗಿರುವುದನ್ನು ಗಮನಿಸಬೇಕು.

ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಕಡೆ ‘ಆಕಳ ಈದೈತಿ’ ಎನ್ನುವರು. ಅದು ಹೆರುವುದೆಂಬರ್ಥದ ‘ಈನ್’ ಎಂಬ ಬೇರೆ ಧಾತು. ಒಂದು ‘ಈದ’, ಇನ್ನೊಂದು ‘ಇತ್ತ’. ಭೂತರೂಪವೇ ಭೇದಕ್ಕೆ ಸಾಕ್ಷಿ. ಕೊಡುವ ‘ಈ’ ಆಡುಮಾತಿನಿಂದ ಸರಿದಿದೆ. ಅದರ ಸ್ಥಾನದಲ್ಲಿ ‘ಕೊಡು’ ಕುಳಿತಿದೆ. ಆದರೂ ಬಾದಾಮಿಯ ಬಂಡೆಯೆದುರು ನಿಂತಾಗ ನಾವು ‘ಇತ್ತೊದು’ ಎಂಬುದನ್ನು ‘ಕೊಟ್ಟುದು’ ಎಂದೇ ಓದಬೇಕು.